ಬ್ಯಾಂಕಿನ ಮೊದಲ ಕೆಲಸ: ಯಾವ ಕುರ್ಚಿಯಲ್ಲಿ ಕೂರಬೇಕು?

ಪ್ರಶ್ನೆ: ನಾನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಓದಿದ್ದು ಅರ್ಥಶಾಸ್ತ್ರ, ಕಾಮರ್ಸ್ ಅಲ್ಲ. ಬ್ಯಾಂಕಿಂಗ್ ಮತ್ತು ಹಣಕಾಸು ಕ್ಷೇತ್ರದಲ್ಲೇ ಬೆಳೆಯಬೇಕು ಅಂತ ಆಸೆ. ಎರಡು ಕಡೆಯಿಂದ ಕೆಲಸ ಸಿಕ್ಕಿದೆ. ಒಂದು ಬ್ಯಾಂಕೊಂದರ ಆಪರೇಷನ್ಸ್ ವಿಭಾಗದಲ್ಲಿ. ಇನ್ನೊಂದು ಹೂಡಿಕೆ ಯೋಜನೆಗಳನ್ನು ಮಾರುವ ಸೇಲ್ಸ್ ಕೆಲಸ, ಅದರಲ್ಲಿ ಸಂಬಳ ಜಾಸ್ತಿ. ಗೆಳೆಯರು ಮಾತ್ರ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಬಿಟ್ಟರೆ ಉಳಿದದ್ದೆಲ್ಲ ದಂಡ ಅನ್ನುತ್ತಾರೆ. ಆಪರೇಷನ್ಸ್‌ಗೆ ಹೋದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೇನಾ? ಸಿಎಫ್‌ಎ ಅನ್ನುವ ಹೂಡಿಕೆ ವಿಶ್ಲೇಷಣೆಯ ಅರ್ಹತಾ ಪರೀಕ್ಷೆ ಮಾಡಲೇಬೇಕಾ? ಈ ಕೆಲಸಗಳನ್ನೆಲ್ಲ ಮುಂದೆ ಕಂಪ್ಯೂಟರೇ ಮಾಡಿಬಿಡುತ್ತದೆ ಅನ್ನುವ ಭಯವೂ ಇದೆ.

ಉತ್ತರ: ಆಪರೇಷನ್ಸ್ ಕೆಲಸವನ್ನೇ ಒಪ್ಪಿಕೊಳ್ಳಿ. ಆದರೆ ಎರಡು ವರ್ಷಕ್ಕಿಂತ ಹೆಚ್ಚು ಅದೇ ಕುರ್ಚಿಯಲ್ಲಿ ಕೂರಬೇಡಿ. ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನುವುದಕ್ಕೆ ಮೊದಲು ಬ್ಯಾಂಕಿನ ಕಸುಬು ಏನು ಅಂತ ನೋಡೋಣ.

ಸಾಲ ಕೊಡುವುದು ಸುಲಭ. ದುಡ್ಡಿದ್ದರೆ ಯಾರು ಬೇಕಾದರೂ ಕೊಡಬಹುದು. ಕೊಟ್ಟದ್ದು ವಾಪಸ್ ಬರುವಂತೆ ನೋಡಿಕೊಳ್ಳುವುದು ಬ್ಯಾಂಕಿನ ಕಸುಬು. ಒಂದು ಸಣ್ಣ ಲೆಕ್ಕ ಮಾಡಿ. ಒಂದು ಬ್ಯಾಂಕ್ ನೂರು ಜನರಿಗೆ ತಲಾ 100 ಸಾಲ ಕೊಟ್ಟಿದೆ. ಠೇವಣಿದಾರರ ಬಡ್ಡಿ, ಸಿಬ್ಬಂದಿ ಸಂಬಳ, ಕಟ್ಟಡದ ಖರ್ಚು ಎಲ್ಲ ಕಳೆದು ಒಂದೊಂದು ಸಾಲದಲ್ಲಿ ವರ್ಷಕ್ಕೆ 3 ಉಳಿಯುತ್ತದೆ. ಈಗ ಒಬ್ಬ ಸಾಲಗಾರ ಮುಳುಗಿದ. ಅಡಮಾನ ಮಾರಿದರೆ ಅರ್ಧ ಸಿಕ್ಕಿತು, 50 ಹೋಯಿತು. ಆ 50 ತುಂಬಿಕೊಳ್ಳಲು 17 ಒಳ್ಳೆಯ ಸಾಲಗಳ ಇಡೀ ವರ್ಷದ ಲಾಭ ಬೇಕು. ನೂರರಲ್ಲಿ ಆರು ಜನ ಹೀಗಾದರೆ ಬ್ಯಾಂಕ್ ಆ ವರ್ಷ ನಷ್ಟದಲ್ಲಿ. ಉಳಿದ 94 ಜನ ಒಂದು ಕಂತೂ ತಪ್ಪಿಸದೆ ಕಟ್ಟಿದ್ದರೂ ಅಷ್ಟೆ.

ಬೇರೆ ವ್ಯಾಪಾರದಲ್ಲಿ ಒಂದು ಸರಕು ಕೆಟ್ಟರೆ ಇಷ್ಟು ಪೆಟ್ಟು ಬೀಳುವುದಿಲ್ಲ. ಅದಕ್ಕೇ ಈ ಕ್ಷೇತ್ರದಲ್ಲಿ ಕೊನೆಯವರೆಗೂ ಬೆಲೆ ಉಳಿಸಿಕೊಳ್ಳುವವರು ಹಣ ಎಲ್ಲಿ, ಹೇಗೆ ಕಳೆದುಹೋಗುತ್ತದೆ ಅಂತ ತಿಳಿದವರು. ಮೊದಲ ಮೂರು-ನಾಲ್ಕು ವರ್ಷದಲ್ಲಿ ನೀವು ಸಂಪಾದಿಸಬೇಕಾದದ್ದು ಈ ತಿಳಿವಳಿಕೆ. ಹುದ್ದೆಯ ಹೆಸರು ನೋಡಬೇಡಿ. ಈ ತಿಳಿವಳಿಕೆ ಯಾವ ಕುರ್ಚಿಯಿಂದ ಬೇಗ ಸಿಗುತ್ತದೆ ಅಂತ ನೋಡಿ.

ಬ್ಯಾಂಕಿನ ಕೆಲಸವನ್ನು ಸಾಮಾನ್ಯವಾಗಿ ಮೂರು ಸಾಲಾಗಿ ಹೇಳುತ್ತಾರೆ. ಫ್ರಂಟ್ ಆಫೀಸ್ ಗಿರಾಕಿಯ ಜೊತೆ ವ್ಯವಹಾರ ಕುದುರಿಸುತ್ತದೆ. ಮಿಡ್ಲ್ ಆಫೀಸ್ ಆ ವ್ಯವಹಾರದ ಅಪಾಯ ಅಳೆಯುತ್ತದೆ. ಬ್ಯಾಕ್ ಆಫೀಸ್ ಹಣ, ಕಾಗದ, ಲೆಕ್ಕ ಎಲ್ಲವೂ ಸರಿಯಾದ ಜಾಗಕ್ಕೆ ಹೋಗಿ ಸೇರುವಂತೆ ನೋಡಿಕೊಳ್ಳುತ್ತದೆ. ಆಪರೇಷನ್ಸ್ ಅಂದರೆ ಈ ಕೊನೆಯದು. ಕಾಲೇಜಿನಲ್ಲಿ ಇದಕ್ಕೆ ಮರ್ಯಾದೆ ಕಡಿಮೆ, ಗೊತ್ತು. ಆದರೆ ಬೇರಿಂಗ್ಸ್ ಕಥೆ ಕೇಳಿದರೆ ಆ ಭಾವನೆ ಬದಲಾಗುತ್ತದೆ.

ಬೇರಿಂಗ್ಸ್ ಲಂಡನ್ನಿನ ಬ್ಯಾಂಕ್. ಶುರುವಾದದ್ದು 1762ರಲ್ಲಿ. ಅದರ ಸಿಂಗಪುರ ಕಚೇರಿಯಲ್ಲಿ ನಿಕ್ ಲೀಸನ್ ಎಂಬ ಯುವಕ ಷೇರು ಸೂಚ್ಯಂಕದ ವಾಯಿದೆ ವಹಿವಾಟು, ಅಂದರೆ ಸೂಚ್ಯಂಕ ಮುಂದೆ ಎಲ್ಲಿರುತ್ತದೆ ಅನ್ನುವುದರ ಮೇಲಿನ ಒಪ್ಪಂದಗಳ ವ್ಯಾಪಾರ, ಮಾಡುತ್ತಿದ್ದ. ಆ ವಹಿವಾಟಿನ ಲೆಕ್ಕ ಚುಕ್ತಾ ಮಾಡುವ ವಿಭಾಗವೂ ಅವನ ಕೈಯಲ್ಲೇ ಇತ್ತು. ಕೊಳ್ಳುವವನೂ ಅವನೇ, ಲೆಕ್ಕ ಬರೆಯುವವನೂ ಅವನೇ. ನಷ್ಟವಾದಾಗಲೆಲ್ಲ ಅದನ್ನು 88888 ಎಂಬ ಖಾತೆಗೆ ತಳ್ಳಿದ. ಮೇಲಿನವರಿಗೆ ಲಾಭ ಮಾತ್ರ ಕಾಣುತ್ತಿತ್ತು. 1995ರ ಫೆಬ್ರವರಿಯಲ್ಲಿ ವಿಷಯ ಹೊರಗೆ ಬರುವ ಹೊತ್ತಿಗೆ ನಷ್ಟ 82.7 ಕೋಟಿ ಪೌಂಡ್. ಇನ್ನೂರು ವರ್ಷಕ್ಕೂ ಹಳೆಯ ಬ್ಯಾಂಕನ್ನು ನೆದರ್‌ಲ್ಯಾಂಡ್ಸ್‌ನ ಐಎನ್‌ಜಿ ಎಂಬ ಹಣಕಾಸು ಸಂಸ್ಥೆ ಕೇವಲ ಒಂದು ಪೌಂಡ್‌ಗೆ ಕೊಂಡುಕೊಂಡಿತು.

ಆ ಕಚೇರಿಯಲ್ಲಿ ಲೀಸನ್‌ಗೆ ಉತ್ತರ ಕೊಡಬೇಕಿಲ್ಲದ ಒಬ್ಬ ಆಪರೇಷನ್ಸ್ ಉದ್ಯೋಗಿ ಇದ್ದು, "ಈ ಖಾತೆ ಯಾಕೆ ತಾಳೆಯಾಗುತ್ತಿಲ್ಲ?" ಅಂತ ಬಿಡದೆ ಕೇಳಿದ್ದರೆ ವಿಷಯ ಮೊದಲೇ ಹೊರಬೀಳುತ್ತಿತ್ತು. ನಿಮಗೆ ಸಿಕ್ಕಿರುವುದು ಆ ಕೆಲಸ.

ಆದರೆ ಅಲ್ಲಿ ಹೇಗೆ ಕೆಲಸ ಮಾಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬಂದ ಫೈಲ್ ಮುಂದೆ ತಳ್ಳುತ್ತಾ ಹೋದರೆ ಖಂಡಿತ ಸಿಕ್ಕಿಹಾಕಿಕೊಳ್ಳುತ್ತೀರಿ. ದಿನಕ್ಕೆ ಸಾವಿರ ವಹಿವಾಟು ಸುಸೂತ್ರವಾಗಿ ಹೋಗುತ್ತವೆ, ಹತ್ತು ಸಿಕ್ಕಿಕೊಳ್ಳುತ್ತವೆ ಅಂದುಕೊಳ್ಳಿ. ನಿಮ್ಮ ಪಾಠ ಇರುವುದು ಆ ಹತ್ತರಲ್ಲಿ. ಹಣ ಹೋಗಿದೆ, ಷೇರು ಬಂದಿಲ್ಲ, ಯಾಕೆ? ಹೆಸರು ಒಂದು ಅಕ್ಷರ ಬೇರೆ ಇದೆ, ಯಾರು ಪರಿಶೀಲಿಸಬೇಕಿತ್ತು? ಒಂದೇ ಗಿರಾಕಿಯ ವಿಷಯದಲ್ಲಿ ತಿಂಗಳಲ್ಲಿ ಮೂರು ಸಲ ತೊಂದರೆ ಬಂದಿದೆ, ಅವರ ವ್ಯವಹಾರವೇ ಹಾಗಾ? ಒಂದು ನೋಟ್‌ಪುಸ್ತಕ ಇಡಿ. ಸಿಕ್ಕಿಕೊಂಡ ಒಂದೊಂದು ವಹಿವಾಟಿಗೂ ಮೂರು ಸಾಲು ಬರೆಯಿರಿ: ಏನಾಯಿತು, ಹಣ ಯಾರ ಕೈಯಲ್ಲಿ ನಿಂತಿತ್ತು, ನಷ್ಟವಾಗಿದ್ದರೆ ಯಾರ ತಲೆಗೆ ಬರುತ್ತಿತ್ತು. ಒಂದು ವರ್ಷದಲ್ಲಿ ಆ ಪುಸ್ತಕ ನಿಮಗೆ ಕೊಡುವ ತಿಳಿವಳಿಕೆ ಯಾವ ಕೋರ್ಸೂ ಕೊಡುವುದಿಲ್ಲ.

ಸಮಯದ ಬೆಲೆಯೂ ಅಲ್ಲಿ ತಿಳಿಯುತ್ತದೆ. 2024ರ ಮೇ 28ರಿಂದ ಅಮೆರಿಕದ ಷೇರು ವಹಿವಾಟು ಎರಡು ದಿನದ ಬದಲು ಒಂದೇ ದಿನದಲ್ಲಿ ಚುಕ್ತಾ ಆಗಬೇಕು ಅಂತಾಯಿತು. ಹೊರಗಿನವರಿಗೆ ಇದು ಸಣ್ಣ ಸುದ್ದಿ. ಒಳಗಿದ್ದವರಿಗೆ ತಪ್ಪು ತಿದ್ದಿಕೊಳ್ಳಲು ಇದ್ದ ಒಂದಿಡೀ ದಿನ ಹೋಯಿತು. ಬೇರೆ ದೇಶದ ಹೂಡಿಕೆದಾರರು ಡಾಲರ್ ಹೊಂದಿಸಿಕೊಳ್ಳಲು ಇದ್ದ ಸಮಯವೂ ಹೋಯಿತು. ಇದೆಲ್ಲ ಓದಿ ತಿಳಿಯುವುದಕ್ಕಿಂತ ಕೈಯಾರೆ ಮಾಡಿದರೆ ಚೆನ್ನಾಗಿ ಅರ್ಥವಾಗುತ್ತದೆ.

ಸೇಲ್ಸ್ ಕೆಲಸ ಬೇಡ ಅಂದದ್ದು ಅದು ಕೀಳು ಅಂತಲ್ಲ. ಜನರ ಜೊತೆ ಮಾತಾಡುವುದು, ಅವರ ಭಯ, ಆಸೆ ಅರ್ಥಮಾಡಿಕೊಳ್ಳುವುದು ಈ ಕ್ಷೇತ್ರದಲ್ಲಿ ದೊಡ್ಡ ವಿದ್ಯೆ. ನನ್ನ ಚಿಂತೆ ಟಾರ್ಗೆಟ್ ಬಗ್ಗೆ. ಇಪ್ಪತ್ತೆರಡು ವಯಸ್ಸಿನಲ್ಲಿ, ಮಾರುವ ವಸ್ತು ಪೂರ್ತಿ ಅರ್ಥವಾಗುವ ಮೊದಲೇ ತಿಂಗಳ ಟಾರ್ಗೆಟ್ ತಲೆ ಮೇಲೆ ಕೂತರೆ ಏನಾಗುತ್ತದೆ ಅಂತ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಜಗತ್ತೇ ನೋಡಿತು. ಪ್ರತಿ ಗಿರಾಕಿಗೂ ಇನ್ನೊಂದು, ಮತ್ತೊಂದು ಖಾತೆ ಮಾರಬೇಕು ಎಂಬ ಒತ್ತಡ ಅಲ್ಲಿತ್ತು. ಗಿರಾಕಿಗಳಿಗೆ ಗೊತ್ತಿಲ್ಲದೆ ಅವರ ಹೆಸರಲ್ಲಿ ಲಕ್ಷಗಟ್ಟಲೆ ಖಾತೆಗಳು ತೆರೆದುಕೊಂಡವು. 2016ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರಲ್ಲಿ ಸುಮಾರು 5,300 ಉದ್ಯೋಗಿಗಳು ಕೆಲಸ ಕಳೆದುಕೊಂಡಿದ್ದರು. ಅವರಲ್ಲಿ ಬಹಳಷ್ಟು ಜನ ಕೆಳಗಿನ ಹಂತದವರು. ಅದನ್ನು ಓದಿದಾಗ ನನಗೆ ತುಂಬಾ ಬೇಜಾರಾಗಿತ್ತು. ಹಣಕಾಸಿನಲ್ಲಿ ಹೆಸರು ಒಮ್ಮೆ ಕೆಟ್ಟರೆ ಇನ್ನೊಂದು ಬ್ಯಾಂಕಿನ ಬಾಗಿಲು ತೆರೆಯುವುದು ಬಹಳ ಕಷ್ಟ.

ಸೇಲ್ಸ್‌ಗೇ ಹೋಗಬೇಕು ಅನ್ನಿಸಿದರೆ ಒಂದು ಪರೀಕ್ಷೆ ಮಾಡಿ. ಅವರು ಮಾರುವ ಯೋಜನೆಯ ಕಾಗದ ಪೂರ್ತಿ ಓದಿ. ಅದರಲ್ಲಿ ಕಮಿಷನ್ ಎಷ್ಟು, ಮಧ್ಯೆ ಹಣ ತೆಗೆದರೆ ಎಷ್ಟು ಕಳೆಯುತ್ತಾರೆ, ಕೆಟ್ಟ ವರ್ಷದಲ್ಲಿ ಏನಾಗುತ್ತದೆ ನೋಡಿ. ಆಮೇಲೆ, ಇದನ್ನು ನಿಮ್ಮ ಅಮ್ಮನಿಗೆ ಮಾರುತ್ತೀರಾ? ಮಾರುವುದಿಲ್ಲ ಅನ್ನುವುದಾದರೆ ಆ ಕೆಲಸಕ್ಕೆ ಹೋಗಬೇಡಿ.

ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪನಿಗಳ ಮಾರಾಟ, ವಿಲೀನ, ಷೇರು ಬಿಡುಗಡೆ, ಇದಕ್ಕೆಲ್ಲ ಸಲಹೆ ಕೊಡುವ ಕೆಲಸ ಅದು. ಮೊದಲ ಎರಡು ವರ್ಷ ಸ್ಪ್ರೆಡ್‌ಶೀಟ್ ಮತ್ತು ಸ್ಲೈಡ್, ಜೊತೆಗೆ ಬಹಳ ಉದ್ದದ ದಿನಗಳು. ಕಲಿಯುವುದು ನಿಜವಾಗಿಯೂ ಜಾಸ್ತಿ. ಆದರೆ ಆ ಬಾಗಿಲು ಹೆಚ್ಚಾಗಿ ತೆರೆಯುವುದು ಓದುತ್ತಿರುವಾಗಲೇ ಮಾಡಿದ ಇಂಟರ್ನ್‌ಶಿಪ್ ಮೂಲಕ. ಕೊನೆಯ ವರ್ಷದಲ್ಲಿ ಅದಕ್ಕಾಗಿ ಕೈಯಲ್ಲಿರುವುದನ್ನು ಬಿಡಬೇಡಿ.

ಈಗ, ಎರಡು ವರ್ಷದ ನಂತರ ಎಲ್ಲಿಗೆ ಹೋಗಬೇಕು? ಕ್ರೆಡಿಟ್‌ಗೆ ಹೋಗಿ. ಸಾಲ ಕೊಡಬೇಕೋ ಬೇಡವೋ ಅಂತ ಪರಿಶೀಲಿಸುವ ವಿಭಾಗ ಅದು. ನಾನು ಹೆಚ್ಚು ವರ್ಷ ಕಳೆದದ್ದು ಅಲ್ಲೇ. ಆದ್ದರಿಂದ ಸ್ವಲ್ಪ ಪಕ್ಷಪಾತ ಇರಬಹುದು. ಆದರೂ ಪೂರ್ತಿ ನಂಬಿಕೆಯಿಂದ ಹೇಳುತ್ತೇನೆ.

ಅಲ್ಲಿ ಸೇರಿದ ಹೊಸದರಲ್ಲಿ ಒಂದು ಕಂಪನಿಯ ಸಾಲದ ಅರ್ಜಿ ನನ್ನ ಮುಂದೆ ಬಂತು. ಮೂರು ವರ್ಷ ಸತತ ಲಾಭ. ಮಾರಾಟ ಏರುತ್ತಲೇ ಇತ್ತು. ಸಾಲ ಕೊಡಬಹುದು ಅಂತ ಬರೆದೆ. ನನ್ನ ಮೇಲಧಿಕಾರಿ ಫೈಲ್ ನೋಡಿ ಒಂದೇ ಪ್ರಶ್ನೆ ಕೇಳಿದರು: "ಲಾಭ ಅಂತ ಬರೆದಿದ್ದೀಯಲ್ಲ, ಆ ದುಡ್ಡು ಈಗ ಎಲ್ಲಿದೆ, ತೋರಿಸು." ತೋರಿಸೋಕೆ ಆಗಲಿಲ್ಲ. ಬ್ಯಾಂಕ್ ಖಾತೆಯಲ್ಲಿ ಏನೂ ಇರಲಿಲ್ಲ. ಎಲ್ಲ ಗಿರಾಕಿಗಳ ಹತ್ತಿರ ಬಾಕಿ, ಉಳಿದದ್ದು ಗೋದಾಮಿನಲ್ಲಿ ಸರಕು. ಆ ಸಂಜೆ ಅವರು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಲೆಕ್ಕ ಬರೆದುಕೊಟ್ಟರು. ಇಷ್ಟು ವರ್ಷದ ಮೇಲೂ ಹೊಸಬರಿಗೆ ನಾನು ಹೇಳಿಕೊಡುವುದು ಅದನ್ನೇ.

ವರ್ಷಕ್ಕೆ ಮಾರಾಟ 120, ಖರ್ಚು 114, ಲಾಭ 6. ಗಿರಾಕಿಗಳು ಮೂರು ತಿಂಗಳ ಮೇಲೆ ದುಡ್ಡು ಕೊಡುತ್ತಾರೆ. ಅಂದರೆ ಯಾವಾಗಲೂ 30 ಹೊರಗಡೆ ಬಾಕಿ. ಸರಕು ಕೊಟ್ಟವರು ಒಂದೇ ತಿಂಗಳಲ್ಲಿ ಕೇಳುತ್ತಾರೆ. ಅವರ ಹತ್ತಿರ ಹೆಚ್ಚೆಂದರೆ 10ರಷ್ಟು ಬಾಕಿ ಇಟ್ಟುಕೊಳ್ಳಬಹುದು. ಮಧ್ಯದ 20 ಕಂಪನಿಯೇ ಹೊಂದಿಸಬೇಕು. ಮುಂದಿನ ವರ್ಷ ವ್ಯಾಪಾರ ದುಪ್ಪಟ್ಟಾಯಿತು, ಎಲ್ಲರಿಗೂ ಖುಷಿ. ಲಾಭ 12 ಆಯಿತು. ಆದರೆ ಮಧ್ಯದ ಅಂತರ 20ರಿಂದ 40ಕ್ಕೆ ಹೋಯಿತು. ಹೊಸದಾಗಿ 20 ಬೇಕು, ಬಂದ ಲಾಭವೆಲ್ಲ ಸುರಿದರೂ 8 ಕಡಿಮೆ. ಆ 8 ಎಲ್ಲಿಂದ ಬರಬೇಕು? ಸಾಲದಿಂದ. ಬೆಳೆಯುತ್ತಲೇ ಇರುವ ಕಂಪನಿ ದುಡ್ಡಿಲ್ಲದೆ ಕುಸಿಯುವುದು ಹೀಗೆ. ಲಾಭದ ಪಟ್ಟಿ ನೋಡಿದರೆ ಇದು ಕಾಣುವುದೇ ಇಲ್ಲ. ದುಡ್ಡು ನಿಜವಾಗಿ ಬಂದದ್ದು, ಹೋದದ್ದು ತೋರಿಸುವ ಕ್ಯಾಶ್ ಫ್ಲೋ ಪಟ್ಟಿ ನೋಡಬೇಕು.

ಕ್ರೆಡಿಟ್‌ನಲ್ಲಿ ಇನ್ನೊಂದು ದೊಡ್ಡ ಪಾಠಶಾಲೆ ಇದೆ. ಕೆಟ್ಟುಹೋದ ಸಾಲಗಳ ಹಳೆಯ ಫೈಲುಗಳು. ಅವಕಾಶ ಸಿಕ್ಕರೆ ಕೇಳಿ ತೆಗೆದುಕೊಂಡು ಓದಿ. ಸಾಲಗಾರನ ನಡತೆ, ತೀರಿಸುವ ಶಕ್ತಿ, ಸ್ವಂತ ಬಂಡವಾಳ, ಅಡಮಾನ, ಸುತ್ತಲಿನ ಪರಿಸ್ಥಿತಿ, ಈ ಐದನ್ನು ನೋಡಬೇಕು ಅಂತ ಎಲ್ಲ ಪುಸ್ತಕಗಳೂ ಹೇಳುತ್ತವೆ. ನಾನು ಓದಿದ ಕೆಟ್ಟ ಫೈಲುಗಳಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ: ಅಡಮಾನ ಗಟ್ಟಿ ಇದೆ ಅಂತ ಉಳಿದ ನಾಲ್ಕನ್ನು ಸಡಿಲ ಬಿಟ್ಟಿದ್ದರು. ಅಡಮಾನ ಮಾರಿ ಸಾಲ ತೀರಿಸಿಕೊಳ್ಳುವುದು ಕೊನೆಯ ದಾರಿ. ವರ್ಷಗಟ್ಟಲೆ ಹಿಡಿಯುತ್ತದೆ, ಬೆಲೆಯೂ ಅರ್ಧಕ್ಕೆ ಬಂದಿರುತ್ತದೆ. ಸಾಲ ತೀರಬೇಕಾದದ್ದು ವ್ಯಾಪಾರದಿಂದ ಬರುವ ದುಡ್ಡಿನಿಂದ.

ಸಂಖ್ಯೆಗಳ ಮೇಲೆ ಜಾಸ್ತಿ ಒಲವು ಇದ್ದರೆ ಅಪಾಯ ಅಳೆಯುವ ರಿಸ್ಕ್ ಅಥವಾ ಬ್ಯಾಂಕಿನ ಸ್ವಂತ ಹಣ, ಬಾಂಡು ನಿರ್ವಹಿಸುವ ಟ್ರೆಷರಿ ಕಡೆ ಹೋಗಬಹುದು. ಅರ್ಥಶಾಸ್ತ್ರ ಓದಿದವರಿಗೆ ಬಡ್ಡಿ ದರದ ಆಟ ಬೇಗ ಅರ್ಥವಾಗುತ್ತದೆ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದ್ದು ಕೆಟ್ಟ ಸಾಲದಿಂದ ಅಲ್ಲ. ಯಾವಾಗ ಬೇಕಾದರೂ ವಾಪಸ್ ಕೇಳಬಹುದಾದ ಠೇವಣಿಗಳನ್ನು ದೀರ್ಘಾವಧಿ ಬಾಂಡುಗಳಲ್ಲಿ ಹಾಕಿತ್ತು. ಬಾಂಡುಗಳು ಸುರಕ್ಷಿತವೇ. ಆದರೆ 2022ರಲ್ಲಿ ಬಡ್ಡಿ ದರ ಏರಿತು. ಹೊಸ ಬಾಂಡುಗಳು ಹೆಚ್ಚು ಬಡ್ಡಿ ಕೊಡುತ್ತಿದ್ದರಿಂದ ಕಡಿಮೆ ಬಡ್ಡಿಯ ಹಳೆಯ ಬಾಂಡುಗಳ ಬೆಲೆ ಬಿತ್ತು. 2023ರ ಮಾರ್ಚ್ 8ರಂದು, ಬಾಂಡ್ ಮಾರಿ 180 ಕೋಟಿ ಡಾಲರ್ ನಷ್ಟವಾಗಿದೆ ಅಂತ ಬ್ಯಾಂಕ್ ಹೇಳಿತು. ಮರುದಿನ ಒಂದೇ ದಿನ ಠೇವಣಿದಾರರು 4,200 ಕೋಟಿ ಡಾಲರ್ ತೆಗೆಯಲು ಮುಂದಾದರು. 10ರಂದು ಬ್ಯಾಂಕ್ ಮುಚ್ಚಿತು. 2022ರ ಬಹುಪಾಲು ಅಲ್ಲಿ ರಿಸ್ಕ್ ಮುಖ್ಯಸ್ಥರ ಕುರ್ಚಿ ಖಾಲಿ ಇತ್ತು. ಈ ಕಥೆಯನ್ನು ನಿಮ್ಮದೇ ಮಾತಿನಲ್ಲಿ ಐದು ನಿಮಿಷ ತಡವರಿಸದೆ ಹೇಳುವಷ್ಟು ಅರ್ಥಮಾಡಿಕೊಳ್ಳಿ. ಸಂದರ್ಶನದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಸಿಎಫ್‌ಎ ವಿಷಯ. ಮೂರು ಹಂತದ ಪರೀಕ್ಷೆ. ಪಾಸಾದರಷ್ಟೇ ಸಾಲದು, ಕನಿಷ್ಠ 36 ತಿಂಗಳಲ್ಲಿ 4,000 ಗಂಟೆಯ ಸಂಬಂಧಪಟ್ಟ ಕೆಲಸದ ಅನುಭವವೂ ಬೇಕು. ಹೂಡಿಕೆ ನಿರ್ವಹಣೆ, ಷೇರು ವಿಶ್ಲೇಷಣೆಗೆ ಹೋಗುವವರಿಗೆ ಅದು ಒಳ್ಳೆಯದು. ರಿಸ್ಕ್‌ಗೆ ಎಫ್‌ಆರ್‌ಎಂ, ಅಂದರೆ ಹಣಕಾಸಿನ ಅಪಾಯ ನಿರ್ವಹಣೆಯ ಅರ್ಹತೆ, ಸರಿ. ಅದು ಎರಡು ಭಾಗದ ಪರೀಕ್ಷೆ, ಜೊತೆಗೆ ಎರಡು ವರ್ಷದ ಅನುಭವ ಬೇಕು. ಎಲ್ಲಿಗೆ ಹೋಗಬೇಕು ಅಂತ ಇನ್ನೂ ಗೊತ್ತಿಲ್ಲದಿರುವಾಗ ಸುಮ್ನೆ ದುಡ್ಡು ಕಟ್ಟಬೇಡಿ. ಒಂದು ವರ್ಷ ಕೆಲಸ ಮಾಡಿ, ಆಮೇಲೆ ನಿರ್ಧರಿಸಿ. ನಿಮಗೆ ಈಗ ಬೇಕಾಗಿರುವುದು ಅಕೌಂಟಿಂಗ್. ಕಾಮರ್ಸ್ ಓದಿಲ್ಲ ಅನ್ನುವ ಕೊರತೆ ಮೂರು ತಿಂಗಳಲ್ಲಿ ತುಂಬಿಕೊಳ್ಳಬಹುದು. ಷೇರು ಮಾರುಕಟ್ಟೆಯಲ್ಲಿರುವ, ನಿಮಗೆ ವ್ಯಾಪಾರ ಅರ್ಥವಾಗುವ ಒಂದು ಕಂಪನಿ ಆರಿಸಿಕೊಳ್ಳಿ. ಬ್ಯಾಂಕ್ ಬೇಡ, ಬ್ಯಾಂಕಿನ ಲೆಕ್ಕ ಹೊಸಬರಿಗೆ ಕಷ್ಟ. ಅದರ ಐದು ವರ್ಷದ ವಾರ್ಷಿಕ ವರದಿ ಇಳಿಸಿಕೊಳ್ಳಿ. ಲಾಭ-ನಷ್ಟದ ಪಟ್ಟಿ, ಆಸ್ತಿ ಎಷ್ಟು ಸಾಲ ಎಷ್ಟು ಅಂತ ತೋರಿಸುವ ಬ್ಯಾಲೆನ್ಸ್ ಶೀಟ್, ಕ್ಯಾಶ್ ಫ್ಲೋ, ಈ ಮೂರನ್ನೂ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ನೀವೇ ಟೈಪ್ ಮಾಡಿ. ಕಾಪಿ ಮಾಡಬೇಡಿ, ಟೈಪ್ ಮಾಡಿ. ಒಂದರ ಸಂಖ್ಯೆ ಇನ್ನೊಂದಕ್ಕೆ ಹೇಗೆ ಹೋಗಿ ಸೇರುತ್ತದೆ ಅನ್ನುವುದು ಬೆರಳಿನಿಂದ ತಲೆಗೆ ಹೋಗುತ್ತದೆ. ಮೊದಲ ವರ್ಷದ ವರದಿಯಲ್ಲಿ ಲೆಕ್ಕ ತಾಳೆಯಾಗುವುದಿಲ್ಲ, ತಲೆ ಕೆಡುತ್ತದೆ. ಐದನೇ ವರ್ಷದ ವರದಿಗೆ ಬರುವಷ್ಟರಲ್ಲಿ ನೀವೇ ಪ್ರಶ್ನೆ ಕೇಳುತ್ತಿರುತ್ತೀರಿ.

ಕಂಪ್ಯೂಟರ್ ಭಯದ ಬಗ್ಗೆ. ಈ ಭಯ ಹೊಸದಲ್ಲ. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕ್ ಮೊದಲ ನಗದು ಯಂತ್ರ ಇಟ್ಟಾಗಲೂ ಇತ್ತು. ಅಮೆರಿಕದಲ್ಲಿ ಎಟಿಎಂ ಹರಡಿದ ಮೇಲೂ ದಶಕಗಳ ಕಾಲ ಕೌಂಟರ್ ಕೆಲಸಗಾರರ ಸಂಖ್ಯೆ ಕುಸಿಯಲಿಲ್ಲ. ಒಂದೊಂದು ಶಾಖೆ ನಡೆಸುವ ಖರ್ಚು ಇಳಿಯಿತು, ಬ್ಯಾಂಕುಗಳು ಹೆಚ್ಚು ಶಾಖೆ ತೆರೆದವು. ಕೌಂಟರ್ ಕೆಲಸ ಮಾತ್ರ ಬದಲಾಯಿತು. ನೋಟು ಎಣಿಸುವುದು ಕಡಿಮೆಯಾಗಿ ಗಿರಾಕಿಯ ಜೊತೆ ಮಾತಾಡುವುದು ಜಾಸ್ತಿಯಾಯಿತು. ಮೊಬೈಲ್ ಬ್ಯಾಂಕಿಂಗ್ ಬಂದ ಮೇಲೆ ಕೌಂಟರ್ ಕೆಲಸವೂ ಕಡಿಮೆಯಾಗುತ್ತಾ ಬಂದಿದೆ, ಅದೂ ನಿಜ. ಹಾಗಾಗಿ ನಿಮಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ಆಪರೇಷನ್ಸ್‌ನಲ್ಲಿ ಒಂದು ಪರದೆಯಿಂದ ಇನ್ನೊಂದಕ್ಕೆ ಸಂಖ್ಯೆ ಸಾಗಿಸುವ ಕೆಲಸ ಹೋಗುತ್ತದೆ, ಈಗಾಗಲೇ ಹೋಗುತ್ತಿದೆ. ಸುಸೂತ್ರವಾಗಿ ಹೋಗುವ ಸಾವಿರ ವಹಿವಾಟನ್ನು ಯಂತ್ರ ನೋಡಿಕೊಳ್ಳುತ್ತದೆ. ಸಿಕ್ಕಿಕೊಂಡ ಹತ್ತಕ್ಕೆ ಮಾತ್ರ ಮನುಷ್ಯ ಬೇಕು. ಎರಡು ವರ್ಷ ಅಂತ ಗಡುವು ಹಾಕಿದ್ದು, ನೋಟ್‌ಪುಸ್ತಕ ಇಡಿ ಅಂದದ್ದು ಇದಕ್ಕೇ. ಜೊತೆಗೆ ಡೇಟಾಬೇಸ್ ಜೊತೆ ಮಾತಾಡುವ ಕಂಪ್ಯೂಟರ್ ಭಾಷೆ ಎಸ್‌ಕ್ಯೂಎಲ್ ಕಲಿಯಿರಿ. ಡೇಟಾಬೇಸ್‌ನಿಂದ ನಿಮಗೆ ಬೇಕಾದ ಮಾಹಿತಿಯನ್ನು ನೀವೇ ತೆಗೆಯಲು ಬಂದರೆ, ಬೇರೆಯವರು ವರದಿ ಕೊಡುವವರೆಗೆ ಕಾಯಬೇಕಿಲ್ಲ. ವಾರಕ್ಕೆ ನಾಲ್ಕು ಗಂಟೆ ಕೊಟ್ಟರೆ ಕೆಲವೇ ತಿಂಗಳಲ್ಲಿ ಕೆಲಸಕ್ಕೆ ಬರುವಷ್ಟು ಬರುತ್ತದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಆ ಬ್ಯಾಂಕಿನವರನ್ನು ಎರಡು ವಿಷಯ ಕೇಳಿ. ಆಪರೇಷನ್ಸ್‌ನಿಂದ ಕ್ರೆಡಿಟ್ ಅಥವಾ ರಿಸ್ಕ್‌ಗೆ ಒಳಗಿನಿಂದಲೇ ಅರ್ಜಿ ಹಾಕಲು ಎಷ್ಟು ತಿಂಗಳು ಆಗಿರಬೇಕು? ಕಳೆದ ಎರಡು ವರ್ಷದಲ್ಲಿ ನಿಮ್ಮ ವಿಭಾಗದಿಂದ ಹಾಗೆ ಹೋದವರು ಎಷ್ಟು ಜನ, ಅವರಲ್ಲಿ ಒಬ್ಬರ ಜೊತೆ ಹತ್ತು ನಿಮಿಷ ಮಾತಾಡಬಹುದಾ? ಇದನ್ನು ಕೇಳಿದರೆ ತಪ್ಪು ತಿಳಿಯುತ್ತಾರೆ ಅಂತ ಹೆದರಬೇಡಿ. ಒಳ್ಳೆಯ ಕಡೆ ಇದನ್ನು ಮೆಚ್ಚುತ್ತಾರೆ. ಒಬ್ಬರೂ ಹೋಗಿಲ್ಲ ಅಂತ ಗೊತ್ತಾದರೆ ನನ್ನ ಸಲಹೆ ಸ್ವಲ್ಪ ಬದಲಾಗುತ್ತದೆ. ಆಗ ಅಲ್ಲಿ ಒಂದೇ ವರ್ಷ ಇರಿ. ಇನ್ನೂ ಸಣ್ಣ ಬ್ಯಾಂಕೊಂದರ ಸಾಲ ವಿಭಾಗಕ್ಕೆ ಈಗಿನಿಂದಲೇ ಅರ್ಜಿ ಹಾಕುತ್ತಾ ಹೋಗಿ. ಸಣ್ಣ ಕಡೆ ಅರ್ಜಿ ಬರೆಯುವುದರಿಂದ ಹಿಡಿದು ಕಂತು ವಸೂಲಿಯವರೆಗೆ ಎಲ್ಲವೂ ಒಬ್ಬರ ಕೈಯಲ್ಲೇ ಹಾದುಹೋಗುತ್ತದೆ. ಸಂಬಳ ಕಡಿಮೆ ಇದ್ದರೂ ನಾಲ್ಕು ವರ್ಷದ ಪಾಠ ಎರಡು ವರ್ಷದಲ್ಲಿ ಸಿಗುತ್ತದೆ.